ಕೈಯಲ್ಲಿ ಪೋಣಿಸಿದ ಮುತ್ತಿನ ಬ್ರೇಸ್‌ಲೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಮುತ್ತು ಪೋಣಿಸುತ್ತೇನೆ. ಸರಕ್ಕಿಂತ ಬ್ರೇಸ್‌ಲೆಟ್ ರಿಪೇರಿಗೇ ಜಾಸ್ತಿ ಜನ ಬರುತ್ತಾರೆ. ಕೊರಳಲ್ಲಿರುವ ಮುತ್ತು ತನ್ನ ಪಾಡಿಗೆ ತಾನಿರುತ್ತದೆ. ಕೈಯಲ್ಲಿರುವ ಮುತ್ತು ಮೇಜಿಗೆ ತಾಗುತ್ತದೆ, ಬಾಗಿಲಿಗೆ ತಾಗುತ್ತದೆ, ಕೈ ತೊಳೆದಾಗಲೆಲ್ಲ ನೆನೆಯುತ್ತದೆ. ಹಾಗಾಗಿ ಸರ ಕೊಳ್ಳುವ ಲೆಕ್ಕದಲ್ಲೇ ಬ್ರೇಸ್‌ಲೆಟ್ ಕೊಂಡವರು ಆರು ತಿಂಗಳಲ್ಲಿ ಬೇಜಾರು ಮಾಡಿಕೊಂಡು ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಅಂಗಡಿಯಲ್ಲಿ ಮೊದಲು ಏನು ನೋಡಬೇಕು?

ಹೊಳಪು. ಗಾತ್ರ ಆಮೇಲೆ, ದುಂಡಗೆ ಇದೆಯಾ ಅನ್ನುವುದು ಇನ್ನೂ ಆಮೇಲೆ.

ಮುತ್ತು ಕಲ್ಲಲ್ಲ. ಚಿಪ್ಪಿನ ಜೀವಿ ತನ್ನೊಳಗೆ ಪದರದ ಮೇಲೆ ಪದರ ಕಟ್ಟುತ್ತಾ ಬೆಳೆಸಿದ ವಸ್ತು. ಒಂದೊಂದು ಪದರವೂ ಕ್ಯಾಲ್ಸಿಯಂ ಕಾರ್ಬೋನೇಟಿನ ಬಹಳ ತೆಳುವಾದ ಬಿಲ್ಲೆಗಳಿಂದ ಆಗಿರುತ್ತದೆ. ನಡುವೆ ಅಂಟಿನಂತೆ ಒಂದು ಪ್ರೋಟೀನ್ ಇರುತ್ತದೆ, ಸ್ವಲ್ಪ ನೀರಿನ ಅಂಶವೂ ಇರುತ್ತದೆ. ಪದರಗಳು ನೀಟಾಗಿ ಕೂತಿದ್ದರೆ ಬೆಳಕು ಒಳಗಿನಿಂದ ಬಂದ ಹಾಗೆ ಕಾಣುತ್ತದೆ. ಒರಟಾಗಿ ಕೂತಿದ್ದರೆ ಸುಣ್ಣದ ಉಂಡೆಯ ಹಾಗೆ ಮಂಕಾಗಿರುತ್ತದೆ. ಮಂಕು ಮುತ್ತಿಗೆ ಯಾವ ಪಾಲಿಶ್ ಹಾಕಿದರೂ ಆ ಒಳಗಿನ ಬೆಳಕು ಬರುವುದಿಲ್ಲ.

ನೋಡುವ ರೀತಿ ಹೀಗೆ. ಅಂಗಡಿಯ ಹಳದಿ ದೀಪದ ಕೆಳಗೆ ಎಲ್ಲ ಮುತ್ತೂ ಚೆನ್ನಾಗಿಯೇ ಕಾಣುತ್ತದೆ. ಬ್ರೇಸ್‌ಲೆಟ್ ತಗೊಂಡು ಬಾಗಿಲ ಹತ್ತಿರ ಬನ್ನಿ. ಬಿಳಿ ಬಟ್ಟೆ ಅಥವಾ ಬಿಳಿ ಕಾಗದದ ಮೇಲಿಡಿ. ಮುತ್ತಿನ ಮೇಲೆ ಕಿಟಕಿಯ ಸರಳು ಅಥವಾ ನಿಮ್ಮದೇ ತಲೆಯ ಪ್ರತಿಬಿಂಬ ಗೆರೆ ಕೊರೆದ ಹಾಗೆ ಸ್ಪಷ್ಟವಾಗಿ ಕಂಡರೆ ಒಳ್ಳೆಯ ಹೊಳಪು. ಮಸುಕು ಮಸುಕಾಗಿ ಕಂಡರೆ ಸಾಧಾರಣ. ಆಮೇಲೆ ಬ್ರೇಸ್‌ಲೆಟ್ಟನ್ನು ಬಟ್ಟೆಯ ಮೇಲೆ ನಿಧಾನವಾಗಿ ಉರುಳಿಸಿ. ಯಾವುದಾದರೂ ಮುತ್ತು ಓಲಾಡಿದರೆ ಅದರ ತೂತು ನಡುಮಧ್ಯ ಇಲ್ಲ ಅಂತ ಅರ್ಥ. ಅಂಥದ್ದು ಪಕ್ಕದ ಮುತ್ತನ್ನು ಒತ್ತುತ್ತಲೇ ಇರುತ್ತದೆ. ಕೊನೆಗೆ ತೂತಿನ ಅಂಚು ನೋಡಿ. ಅಲ್ಲಿ ಪದರ ಚಕ್ಕೆ ಎದ್ದಿದ್ದರೆ ಬೇಡ.

ಸಣ್ಣ ಚುಕ್ಕೆ, ಸಣ್ಣ ಕುಳಿ ಇದ್ದರೆ ಹೆದರಬೇಡಿ. ಅದು ಜೀವಿಯೊಳಗೆ ಬೆಳೆದಿದ್ದಕ್ಕೆ ಇರುವ ಗುರುತು. ಒಳ್ಳೆಯ ಕೈ ಆ ಚುಕ್ಕೆಯನ್ನು ತೂತಿನ ಕಡೆಗೆ ಬರುವ ಹಾಗೆ ಕೊರೆದಿರುತ್ತದೆ.

ಬೆಳೆಸಿದ ಮುತ್ತು ಅಂದರೆ ನಕಲಿನಾ?

ಖಂಡಿತ ಅಲ್ಲ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ನಾವೆಲ್ಲ ಕೇಳಿ ಬೆಳೆದವರು. ನಿಜವಾಗಿ ಆಗುವುದು ಬೇರೆ. ಚಿಪ್ಪಿನೊಳಗೆ ಪರಾವಲಂಬಿ ಹುಳದಂಥದ್ದೇನಾದರೂ ಹೊಕ್ಕು ತೊಂದರೆ ಕೊಟ್ಟಾಗ ಅದರ ಸುತ್ತ ಜೀವಿ ಪದರ ಕಟ್ಟುತ್ತದೆ. ಅದು ಸಹಜ ಮುತ್ತು. ಬೆಳೆಸಿದ ಮುತ್ತಿನಲ್ಲಿ ಆ ಮೊದಲ ಹೆಜ್ಜೆಯನ್ನು ಮನುಷ್ಯ ಇಡುತ್ತಾನೆ. ಇನ್ನೊಂದು ಚಿಪ್ಪಿನ ಅಂಗಾಂಶದ ಚೂರನ್ನು, ಕೆಲವೊಮ್ಮೆ ಅದರ ಜೊತೆಗೊಂದು ದುಂಡು ಮಣಿಯನ್ನು ಒಳಗೆ ಸೇರಿಸುತ್ತಾನೆ. ಪದರ ಕಟ್ಟುವುದು ಚಿಪ್ಪಿನ ಜೀವಿಯೇ.

ಜಪಾನಿನ ಮಿಕಿಮೊಟೊ ಕೋಕಿಚಿ 1893ರಲ್ಲಿ ಅರ್ಧ ದುಂಡಿನ ಮುತ್ತು ಬೆಳೆಸಿ ತೋರಿಸಿದರು. ನಮ್ಮ ದೇಶದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತೂತುಕುಡಿ ಕೇಂದ್ರದವರು 1973ರಲ್ಲಿ ಸಮುದ್ರ ಮುತ್ತು ಬೆಳೆಸಿದರು. ಈಗ ಅಂಗಡಿಯಲ್ಲಿ ಸಿಗುವ ಮುತ್ತು ಹೆಚ್ಚುಕಡಿಮೆ ಎಲ್ಲವೂ ಬೆಳೆಸಿದ್ದೇ. ಸಹಜವೋ ಬೆಳೆಸಿದ್ದೋ ಅಂತ ಬರಿಗಣ್ಣಿನಿಂದ ಖಚಿತವಾಗಿ ಹೇಳಲು ಆಗುವುದಿಲ್ಲ. ಅದಕ್ಕೆ ಪ್ರಯೋಗಾಲಯದ ಎಕ್ಸ್‌ರೇ ಬೇಕು.

ದಿನಾ ಹಾಕಿಕೊಳ್ಳಲು ಯಾವ ಮುತ್ತು ಒಳ್ಳೆಯದು?

ಸಿಹಿನೀರಿನ ಮುತ್ತು. ಇದನ್ನು ಬೆಲೆ ಕಡಿಮೆ ಅಂತ ಹೇಳುತ್ತಿಲ್ಲ. ಸಿಹಿನೀರಿನ ಮುತ್ತಿನಲ್ಲಿ ಸಾಮಾನ್ಯವಾಗಿ ಒಳಗೆ ಮಣಿ ಇರುವುದಿಲ್ಲ, ತಿರುಳಿನವರೆಗೂ ಮುತ್ತೇ. ಸ್ವಲ್ಪ ಸವೆದರೂ ಕೆಳಗೆ ಮತ್ತೆ ಮುತ್ತಿನ ಪದರವೇ ಇರುತ್ತದೆ. ಜಪಾನಿನ ಅಕೋಯಾ ಮುತ್ತು ಕನ್ನಡಿಯ ಹಾಗೆ ಹೊಳೆಯುತ್ತದೆ, ಅದರ ಚೆಂದಕ್ಕೆ ಸಾಟಿ ಇಲ್ಲ. ಆದರೆ ಅದರೊಳಗೆ ಮಣಿ ಇದೆ. ಹೊರಪದರ ಅರ್ಧ ಮಿ.ಮೀ. ಆಸುಪಾಸಿನಲ್ಲಿದ್ದರೂ ಒಳ್ಳೆಯದೆಂದೇ ಲೆಕ್ಕ. ದಿನಾ ಮೇಜಿಗೆ ಉಜ್ಜಿಸಿಕೊಂಡರೆ ಒಂದು ದಿನ ತೂತಿನ ಹತ್ತಿರ ಒಳಗಿನ ಮಣಿ ಇಣುಕುತ್ತದೆ. ಅಕೋಯಾವನ್ನು ಹಬ್ಬ, ಮದುವೆಗೆ ಇಟ್ಟುಕೊಳ್ಳಿ.

ಆಸ್ಟ್ರೇಲಿಯಾ, ಇಂಡೋನೇಷ್ಯಾ ಕಡೆಯ ಸೌತ್ ಸೀ ಮುತ್ತು ಮತ್ತು ಕಪ್ಪು ಬಣ್ಣದ ತಾಹಿಟಿ ಮುತ್ತು ದೊಡ್ಡವು. ಕೈಗೆ ಭಾರ, ಜೇಬಿಗೂ ಭಾರ.

ಗಾತ್ರ 6ರಿಂದ 7 ಮಿ.ಮೀ. ಇದ್ದರೆ ಬಹಳ ಜನರ ಕೈಗೆ ಒಪ್ಪುತ್ತದೆ. ಪೂರ್ತಿ ದುಂಡಗಿಲ್ಲದ, ಅಂಕುಡೊಂಕಿನ ಮುತ್ತುಗಳ ಬ್ರೇಸ್‌ಲೆಟ್ ನನಗೆ ತುಂಬಾ ಇಷ್ಟ. ಒಂದರ ಹಾಗೆ ಇನ್ನೊಂದಿಲ್ಲ. ಅದೇ ದುಡ್ಡಿಗೆ ದುಂಡು ಮುತ್ತಿನಲ್ಲಿ ಸಿಗುವುದಕ್ಕಿಂತ ಒಳ್ಳೆಯ ಹೊಳಪು ಇಲ್ಲಿ ಸಿಗುತ್ತದೆ.

ಹೈದರಾಬಾದ್ ಮುತ್ತು ಹೈದರಾಬಾದಿನಲ್ಲೇ ಬೆಳೆಯುತ್ತದಾ?

ಹೈದರಾಬಾದಿಗೆ ಸಮುದ್ರವೇ ಇಲ್ಲ ಅಲ್ವಾ! ಆ ಹೆಸರು ಬಂದಿರುವುದು ವ್ಯಾಪಾರದಿಂದ ಮತ್ತು ಕೈಚಳಕದಿಂದ. ನಿಜಾಮರ ಕಾಲದಲ್ಲಿ ಪರ್ಷಿಯಾ ಕೊಲ್ಲಿಯ ಮುತ್ತು ಅಲ್ಲಿಗೆ ಬರುತ್ತಿತ್ತು. ಊರ ಹೊರಗಿನ ಚಂದನಪೇಟೆಯವರು ಮುತ್ತು ಕೊರೆಯುವುದರಲ್ಲಿ ಹೆಸರಾದರು. ಇಂದಿಗೂ ಚಾರ್‌ಮಿನಾರ್ ಹತ್ತಿರದ ಪತ್ಥರ್‌ಗಟ್ಟಿಯಲ್ಲಿ ಸಾಲು ಸಾಲು ಮುತ್ತಿನ ಅಂಗಡಿಗಳಿವೆ. ಈಗ ಅಲ್ಲಿ ಕೊರೆದು, ವಿಂಗಡಿಸಿ, ಪೋಣಿಸುವ ಮುತ್ತಿನಲ್ಲಿ ಹೆಚ್ಚಿನದು ಚೀನಾದ ಸಿಹಿನೀರಿನದು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಕೇಳಿದರೆ ಒಳ್ಳೆಯ ವ್ಯಾಪಾರಿ ನೇರವಾಗಿ ಹೇಳುತ್ತಾರೆ.

ನಮ್ಮ ಹಂಪಿಯ ಬಗ್ಗೆಯೂ ಒಂದು ಮಾತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ಅಬ್ದುಲ್ ರಜಾಕ್, ಬಜಾರಿನಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಅಂತ ನಾವು ಹೇಳಿಕೊಳ್ಳುವ ಮಾತು ಸುಮ್ನೆ ಹುಟ್ಟಿದ್ದಲ್ಲ.

ಬಸ್ರಾ ಮುತ್ತು ಅಂತ ಹೇಳಿ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ತಗೊಳ್ಳಲಾ?

ಬೇಡ. ಬಸ್ರಾ ಮುತ್ತು ಅಂದರೆ ಬಹ್ರೇನ್ ಸುತ್ತಿನ ಕೊಲ್ಲಿಯ ನೀರಿನಲ್ಲಿ ಸಿಕ್ಕಿದ ಸಹಜ ಮುತ್ತು. 1930ರ ದಶಕದ ಹೊತ್ತಿಗೆ ಆ ವ್ಯಾಪಾರ ಕುಸಿದು ಬಿದ್ದಿತ್ತು. ಈಗ ಸಿಗುವುದು ಹೆಚ್ಚಾಗಿ ಹಳೆಯ ಒಡವೆಗಳಿಂದ ಬಿಡಿಸಿದ ಮುತ್ತು. ಅದು ದುಬಾರಿ. ಪ್ರಯೋಗಾಲಯದ ವರದಿ ಇಲ್ಲದೆ ಆ ಹೆಸರಿಗೆ ದುಡ್ಡು ಕೊಡಬೇಡಿ.

ನಕಲಿ ಮುತ್ತನ್ನು ಮನೆಯಲ್ಲೇ ಗುರುತಿಸಬಹುದಾ?

ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ. ನಿಜವಾದ ಮುತ್ತಿನಲ್ಲಿ ನುಣ್ಣನೆ ಮರಳಿನಂಥ ಒರಟು ಗೊತ್ತಾಗುತ್ತದೆ. ಗಾಜು, ಪ್ಲಾಸ್ಟಿಕ್ಕಿನ ಮುತ್ತು ಜಾರುತ್ತದೆ. ಹಲ್ಲಿನ ಅಂಚಿಗೆ ತಾಗಿಸಿ ನೋಡುವುದೂ ಇದೇ ಪರೀಕ್ಷೆ. ತಾಗಿಸಿದರೆ ಸಾಕು, ಕಚ್ಚಬೇಡಿ. ಕೈಗೆ ತಗೊಂಡ ತಕ್ಷಣ ತಣ್ಣಗಿರಬೇಕು, ಗಾತ್ರಕ್ಕೆ ತಕ್ಕ ತೂಕ ಇರಬೇಕು. ತೂತಿನ ಬಾಯಿಯಲ್ಲಿ ಬಣ್ಣದ ಪೊರೆ ಸುಲಿದು ಗಾಜು ಕಂಡರೆ ಅನುಮಾನವೇ ಬೇಡ. ಕಪ್ಪು, ನೀಲಿ, ಗಾಢ ಗುಲಾಬಿ ಮುತ್ತಿನಲ್ಲಿ ತೂತಿನ ಸುತ್ತ ಬಣ್ಣ ದಟ್ಟವಾಗಿ ಕೂತಿದ್ದರೆ ಅದು ನಿಜವಾದ ಮುತ್ತೇ ಇರಬಹುದು, ಆದರೆ ಬಣ್ಣ ಹಾಕಿದ್ದು.

ಬೆಂಕಿಗೆ ಹಿಡಿಯುವುದು, ವಿನೆಗರ್‌ನಲ್ಲಿ ಹಾಕುವುದು, ಇವೆರಡನ್ನೂ ಮಾಡಬೇಡಿ. ವಿನೆಗರ್‌ನಲ್ಲಿ ನಿಜವಾದ ಮುತ್ತು ಕರಗುತ್ತದೆ. ಪರೀಕ್ಷೆಯಲ್ಲಿ ಪಾಸಾದ ಮುತ್ತು ಆಮೇಲೆ ಹಾಕಿಕೊಳ್ಳಲು ಉಳಿದಿರುವುದಿಲ್ಲ.

ಹಾಲ್‌ಮಾರ್ಕ್ ಇದೆ ಅಂದರೆ ಮುತ್ತು ಅಸಲಿ ತಾನೇ?

ಬಿಐಎಸ್ ಹಾಲ್‌ಮಾರ್ಕ್ ಚಿನ್ನ, ಬೆಳ್ಳಿಗೆ. ಬ್ರೇಸ್‌ಲೆಟ್ಟಿನ ಚಿನ್ನದ ಕೊಂಡಿಯ ಶುದ್ಧತೆಯನ್ನು ಅದು ಹೇಳುತ್ತದೆ, ಮುತ್ತಿನ ಬಗ್ಗೆ ಏನೂ ಹೇಳುವುದಿಲ್ಲ. ಬಿಲ್ಲಿನಲ್ಲಿ ‘ಸಿಹಿನೀರಿನ ಬೆಳೆಸಿದ ಮುತ್ತು’ ಅಥವಾ ‘ಅಕೋಯಾ’ ಅಂತ ಬರೆಸಿಕೊಳ್ಳಿ. ಬರೀ ‘ಪರ್ಲ್’ ಅಂತ ಬರೆದರೆ ಸಾಲದು.

ಅಳತೆ ಹೇಗೆ ತೆಗೆಯುವುದು?

ಆನ್‌ಲೈನ್‌ನಲ್ಲಿ ತರಿಸಿದ ಅರ್ಧ ಜನ ಎಡವುವುದು ಇಲ್ಲೇ. ಮಣಿಕಟ್ಟಿನ ಮೂಳೆಯ ಸ್ವಲ್ಪ ಮೇಲೆ ದಾರ ಸುತ್ತಿ. ಬಿಗಿ ಮಾಡಬೇಡಿ, ಸಡಿಲವೂ ಬೇಡ. ದಾರವನ್ನು ಸ್ಕೇಲಿನ ಮೇಲಿಟ್ಟು ನೋಡಿ. 15 ಸೆಂ.ಮೀ. ಬಂತು ಅಂದುಕೊಳ್ಳೋಣ. ಹಾಗಂತ 15 ಸೆಂ.ಮೀ. ಬ್ರೇಸ್‌ಲೆಟ್ ತಗೊಂಡರೆ ಕೈಗೆ ಹತ್ತುವುದೇ ಇಲ್ಲ.

ಮುತ್ತಿಗೆ ದಪ್ಪ ಇದೆ. ನೂಲು ಮುತ್ತಿನ ನಡುವೆ ಹೋಗುತ್ತದೆ, ಆದರೆ ಕೈ ಇರುವುದು ಮುತ್ತಿನ ಒಳಬದಿಯಲ್ಲಿ. ಆ ವ್ಯತ್ಯಾಸ ಮುತ್ತಿನ ದಪ್ಪದ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. 6 ಮಿ.ಮೀ. ಮುತ್ತಿಗೆ ಸುಮಾರು 2 ಸೆಂ.ಮೀ., 8 ಮಿ.ಮೀ. ಮುತ್ತಿಗೆ ಸುಮಾರು 2.5 ಸೆಂ.ಮೀ. ಅದನ್ನು ಕೂಡಿಸಿ. ಕೈ ಆಡಲು ಇನ್ನೊಂದು ಅರ್ಧದಿಂದ ಒಂದು ಸೆಂ.ಮೀ. ಸೇರಿಸಿ. ಅಂದರೆ 15 ಸೆಂ.ಮೀ. ಕೈಗೆ 6 ಮಿ.ಮೀ. ಮುತ್ತಾದರೆ ಹದಿನೇಳೂವರೆಯಿಂದ 18, 8 ಮಿ.ಮೀ. ಮುತ್ತಾದರೆ 18ರಿಂದ ಹದಿನೆಂಟೂವರೆ ಸೆಂ.ಮೀ. ಬೇಕು.

ಸಂಜೆ ಹೊತ್ತು ಅಳೆಯಿರಿ. ಸೆಕೆಗೆ, ದಿನದ ಕೆಲಸಕ್ಕೆ ಕೈ ಸ್ವಲ್ಪ ಊದಿರುತ್ತದೆ. ಹಾಗೆಯೇ ಬ್ರೇಸ್‌ಲೆಟ್ ತೀರಾ ಸಡಿಲ ಇರಬಾರದು. ಅಂಗೈವರೆಗೆ ಜಾರಿದರೆ ಪ್ರತಿ ಸಲ ಕೈ ಮೇಜಿನ ಮೇಲಿಟ್ಟಾಗ ಮುತ್ತೇ ಮೊದಲು ಬಡಿಯುತ್ತದೆ.

ಮುತ್ತಿನ ನಡುವೆ ಗಂಟು ಯಾಕೆ? ಎಲಾಸ್ಟಿಕ್ ಆದರೆ ಸುಲಭ ಅಲ್ವಾ?

ಈ ಕೆಲಸದಲ್ಲಿ ಕೈಯ ಬೆಲೆ ಇರುವುದೇ ಗಂಟಿನಲ್ಲಿ. ಒಂದು ಮುತ್ತು ಪೋಣಿಸಿ, ಒಂದು ಗಂಟು ಹಾಕಿ, ಆ ಗಂಟನ್ನು ಸೂಜಿಯ ತುದಿಯಿಂದ ಮುತ್ತಿನ ಬಾಯಿಗೆ ತಾಗುವವರೆಗೆ ಜಾರಿಸಿ ಬಿಗಿಯಬೇಕು. ಆಮೇಲೆ ಮುಂದಿನ ಮುತ್ತು. ಗಂಟು ಸ್ವಲ್ಪ ಹಿಂದೆ ನಿಂತರೂ ಅಲ್ಲೊಂದು ಸಂದು ಬಿಡುತ್ತದೆ, ಬಿಚ್ಚಲು ಬರುವುದಿಲ್ಲ.

ಗಂಟಿನಿಂದ ಎರಡು ಉಪಕಾರ. ಮುತ್ತಿಗೆ ಮುತ್ತು ಉಜ್ಜುವುದಿಲ್ಲ. ನೂಲು ಕಿತ್ತರೆ ಬೀಳುವುದು ಒಂದೇ ಮುತ್ತು, ಉಳಿದವು ತಮ್ಮ ಜಾಗದಲ್ಲೇ ಇರುತ್ತವೆ. ಬಸ್ಸಿನಲ್ಲಿ ನಿಂತು ಹೋಗುವಾಗ ಬ್ರೇಸ್‌ಲೆಟ್ ಕಿತ್ತುಹೋದವರಿಗೆ ಇದರ ಬೆಲೆ ಗೊತ್ತು.

ನೂಲು ರೇಷ್ಮೆಯದ್ದಿರಲಿ. ರೇಷ್ಮೆ ಮೆತ್ತಗೆ ಬಾಗುತ್ತದೆ, ಮುತ್ತಿನ ತೂತಿನ ಅಂಚನ್ನು ಕೊರೆಯುವುದಿಲ್ಲ. ತಂತಿಯಲ್ಲಿ ಪೋಣಿಸಿದ ಬ್ರೇಸ್‌ಲೆಟ್ ಗಟ್ಟಿಯಾಗಿ ಕಾಣುತ್ತದೆ, ಆದರೆ ವರ್ಷ ಕಳೆದಂತೆ ತೂತನ್ನು ತಿನ್ನುತ್ತದೆ. ಕೊಂಡಿ ಸೇರುವ ಜಾಗದಲ್ಲಿ ನೂಲಿನ ಮೇಲೆ ಸಣ್ಣ ಸುರುಳಿ ತಂತಿಯ ಕವಚ ಇದೆಯಾ ನೋಡಿ. ನೂಲು ಮೊದಲು ಸವೆಯುವುದು ಅಲ್ಲೇ. ಆ ಕವಚ ಇದ್ದರೆ ಮಾಡಿದವರು ಕೆಲಸ ಬಲ್ಲವರು ಅಂತ ತಿಳಿಯಬಹುದು.

ಎಲಾಸ್ಟಿಕ್ಕನ್ನು ಪೂರ್ತಿ ಬೇಡ ಅನ್ನುವುದಿಲ್ಲ. ಬೆರಳು ಗಂಟಿನ ನೋವಿನಿಂದ ಕೊಂಡಿ ಹಾಕಲು ಆಗದ ಹಿರಿಯರಿಗೆ ನಾನೇ ಎಲಾಸ್ಟಿಕ್‌ನಲ್ಲಿ ಮಾಡಿಕೊಡುತ್ತೇನೆ. ಹಾಕುವಾಗ ಎಳೆದು ಅಗಲ ಮಾಡಬೇಡಿ, ಬೆರಳುಗಳನ್ನು ಒಟ್ಟು ಮಾಡಿ ಉರುಳಿಸಿಕೊಂಡು ಏರಿಸಿ. ವರ್ಷಕ್ಕೊಮ್ಮೆ ಎಲಾಸ್ಟಿಕ್ ಬದಲಿಸಿ. ಬೆಲೆಬಾಳುವ ಮುತ್ತಿಗೆ ಮಾತ್ರ ಇದು ಬೇಡ.

ಕೊಂಡಿ ಯಾವುದು ಒಳ್ಳೆಯದು?

ಒಂದೇ ಕೈಯಲ್ಲಿ ಹಾಕಲು ಆಗಬೇಕು, ತಾನಾಗಿ ಬಿಚ್ಚಬಾರದು. ಒತ್ತಿ ತೆರೆಯುವ ಸಾದಾ ಕೊಕ್ಕೆ ಸಾಕು. ಅಯಸ್ಕಾಂತದ ಕೊಂಡಿ ಸುಲಭ, ಆದರೆ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಹಾಕಬೇಡಿ.

ಅಡುಗೆ, ಪೂಜೆ, ಸ್ನಾನದ ಹೊತ್ತಿಗೆ ತೆಗೆಯಲೇಬೇಕಾ?

ತೆಗೆಯಲೇಬೇಕು. ಮುತ್ತಿಗೆ ಹುಳಿ ಆಗುವುದಿಲ್ಲ. ಹುಣಸೆಹಣ್ಣು ಕಿವುಚುವುದು, ನಿಂಬೆಹಣ್ಣು ಹಿಂಡುವುದು, ಮಜ್ಜಿಗೆ ಕಡೆಯುವುದು, ಎಲ್ಲದರಲ್ಲೂ ಹುಳಿ ಇದೆ. ಹುಳಿ ತಾಗಿದ ಕಡೆ ಮೇಲ್ಪದರ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಒಂದು ದಿನಕ್ಕೆ ಕಾಣುವುದಿಲ್ಲ. ವರ್ಷದ ಮೇಲೆ ಮುತ್ತು ಮಂಕಾದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಪಾತ್ರೆ ತೊಳೆಯುವ ಪುಡಿ, ಬಾತ್‌ರೂಮ್ ತೊಳೆಯುವ ಆಸಿಡ್, ಬ್ಲೀಚ್ ಇನ್ನೂ ಕೆಟ್ಟವು.

ಪೂಜೆಯಲ್ಲಿ ಅರಿಶಿನ, ಕುಂಕುಮ ನೂಲಿಗೆ ಹತ್ತಿದರೆ ಹೋಗುವುದಿಲ್ಲ. ಮುತ್ತು ಬಿಳಿಯಾಗಿಯೇ ಇದ್ದರೂ ಗಂಟುಗಳೆಲ್ಲ ಹಳದಿಯಾಗಿ ಬ್ರೇಸ್‌ಲೆಟ್ ಕೊಳಕಾಗಿ ಕಾಣುತ್ತದೆ. ವಿಭೂತಿ ಪುಡಿಯೂ ಗಂಟಿನ ಸಂದಿಯಲ್ಲಿ ಕೂರುತ್ತದೆ. ಮೆಹಂದಿ ಹಾಕಿದ ದಿನ ಕೈ ಪೂರ್ತಿ ಒಣಗಿ ತೊಳೆಯುವವರೆಗೆ ಮುತ್ತನ್ನು ಹತ್ತಿರವೂ ತರಬೇಡಿ.

ಸ್ನಾನದ ನೀರಿನಿಂದ ಮುತ್ತಿಗಿಂತ ರೇಷ್ಮೆ ನೂಲಿಗೆ ತೊಂದರೆ. ನೆನೆದ ನೂಲು ಹಿಗ್ಗುತ್ತದೆ, ಗಂಟು ಸಡಿಲವಾಗುತ್ತದೆ. ಈಜುಕೊಳದಲ್ಲಿ ಅದರ ಜೊತೆಗೆ ಕ್ಲೋರಿನ್.

ಹೊರಡುವಾಗ ಸೀರೆ ಉಟ್ಟು, ತಲೆ ಬಾಚಿ, ಕ್ರೀಮ್ ಹಚ್ಚಿ, ಸೆಂಟ್ ಹೊಡೆದುಕೊಂಡು, ಅದೆಲ್ಲ ಆರಿದ ಮೇಲೆ ಮುತ್ತು ಹಾಕಿ. ಮನೆಗೆ ಬಂದಾಗ ಎಲ್ಲಕ್ಕಿಂತ ಮೊದಲು ಅದನ್ನೇ ತೆಗೆಯಿರಿ.

ಬಳೆಗಳ ಜೊತೆ ಹಾಕಬಹುದಾ?

ಹಸಿರು ಗಾಜಿನ ಬಳೆಯ ಜೊತೆ ಒಂದೇ ಕೈಗೆ ಬೇಡ. ಮುತ್ತು ಮೆತ್ತಗಿನ ವಸ್ತು. ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಅದು ಎರಡೂವರೆಯಿಂದ ನಾಲ್ಕೂವರೆ. ಗಾಜು ಐದೂವರೆಯ ಹತ್ತಿರ. ಬಳೆ ಆಡಿದಂತೆಲ್ಲ ಮುತ್ತಿಗೆ ಗೀರು ಬೀಳುತ್ತದೆ. ಮದುವೆ ಮನೆಯಲ್ಲಿ ಎರಡೂ ಕೈಗೆ ಬಳೆ ತುಂಬಿರುವ ಹೆಣ್ಣುಮಗಳಿಗೆ ಮುತ್ತಿನ ಬ್ರೇಸ್‌ಲೆಟ್ ಆರತಕ್ಷತೆಯ ಹೊತ್ತಿಗೆ ಹಾಕಿ, ಬಳೆ ಕಡಿಮೆ ಇರುವ ಕೈಗೆ, ಬಳೆಗಳಿಂದ ಸ್ವಲ್ಪ ದೂರಕ್ಕೆ. ವಾಚು ಕಟ್ಟುವ ಕೈಗೂ ಬೇಡ.

ತೊಳೆಯುವುದು ಹೇಗೆ?

ದಿನಾ ತೆಗೆದ ಮೇಲೆ ಹಳೆಯ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಬೆವರು, ಕ್ರೀಮು ಹೋದರೆ ಸಾಕು. ನಮ್ಮಲ್ಲಿ ತೊಳೆದು ತೊಳೆದು ಮೆತ್ತಗಾದ ಪಂಚೆಯ ತುಂಡು ಇರುತ್ತದಲ್ಲ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಮೂರು ನಾಲ್ಕು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಮಕ್ಕಳ ಶಾಂಪೂ ಒಂದು ಹನಿ ಹಾಕಿ. ಬಟ್ಟೆ ಅದ್ದಿ ಹಿಂಡಿ, ಒಂದೊಂದೇ ಮುತ್ತನ್ನು ಒರೆಸಿ. ಬ್ರೇಸ್‌ಲೆಟ್ಟನ್ನೇ ನೀರಿಗೆ ಮುಳುಗಿಸಬೇಡಿ. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಟವೆಲಿನ ಮೇಲೆ ಉದ್ದಕ್ಕೆ ಮಲಗಿಸಿ ಇಡೀ ರಾತ್ರಿ ನೆರಳಲ್ಲಿ ಬಿಡಿ. ತೂಗುಹಾಕಬೇಡಿ, ಒದ್ದೆ ನೂಲು ಮುತ್ತಿನ ಭಾರಕ್ಕೆ ಜಗ್ಗುತ್ತದೆ.

ಬೆಳ್ಳಿಗೆ, ಬಂಗಾರಕ್ಕೆ ಬಳಸುವ ಯಾವ ಉಪಾಯವೂ ಇಲ್ಲಿ ಬೇಡ. ಅಂಟುವಾಳದ ನೀರಿನಲ್ಲಿ ನೆನೆಸುವುದು, ಟೂತ್‌ಪೇಸ್ಟ್, ಅಡುಗೆ ಸೋಡಾ, ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರ, ಹಬೆ, ಎಲ್ಲವೂ ಮುತ್ತಿಗೆ ಪೆಟ್ಟೇ. ಅಕ್ಕಿಯಲ್ಲಿ ಹಾಕಿ ಉಜ್ಜಿದರೆ ಹೊಳಪು ಬರುತ್ತದೆ ಅನ್ನುವವರಿದ್ದಾರೆ. ಅಕ್ಕಿಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಗೀರುವುದಕ್ಕೆ ಅದೊಂದು ಕಣ ಸಾಕು.

ಬಿಳಿ ಮುತ್ತು ಹಳದಿಯಾಗಿದೆ. ಸರಿ ಹೋಗುತ್ತದಾ?

ಮೇಲಿನ ಕೊಳೆಯಾಗಿದ್ದರೆ ಒರೆಸಿದಾಗ ಹೋಗುತ್ತದೆ. ಒಳಗಿನಿಂದಲೇ ಬಣ್ಣ ತಿರುಗಿದ್ದರೆ ಹೋಗುವುದಿಲ್ಲ. ನನ್ನ ಅಮ್ಮನ ಮದುವೆಯ ಮುತ್ತಿನ ಬ್ರೇಸ್‌ಲೆಟ್ ಹೀಗೆಯೇ ಆಯಿತು. ಜೋಪಾನ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಂಕ್ ಲಾಕರಿನಲ್ಲಿ ಹನ್ನೆರಡು ವರ್ಷ ಇಟ್ಟಿದ್ದರು. ತೆಗೆದಾಗ ಮುತ್ತು ಹಳದಿ ತಿರುಗಿ, ಎರಡು ಮುತ್ತಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಒಂದು ಅಂಗಡಿಯವರು ಬಿಳಿ ಮಾಡಿಕೊಡುತ್ತೇವೆ ಅಂತ ತಗೊಂಡರು. ಬಿಳಿಯೇನೋ ಆಯಿತು, ಹೊಳಪೆಲ್ಲ ಹೋಗಿ ಚಾಕ್‌ಪೀಸಿನ ಹಾಗಾಯಿತು. ಅಮ್ಮ ಏನೂ ಅನ್ನಲಿಲ್ಲ. ಆ ಮುತ್ತು ಇವತ್ತಿಗೂ ನನ್ನ ಹತ್ತಿರ ಇದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅನ್ನುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಹದವಾಗಿ ಹಳದಿಯಾದ ಹಳೆಯ ಮುತ್ತಿಗೆ ಅದರದೇ ಚೆಂದ ಇದೆ. ಹಾಗೆಯೇ ಬಿಡಿ.

ಎಲ್ಲಿ, ಹೇಗೆ ಇಡುವುದು?

ಮೆತ್ತನೆ ಬಟ್ಟೆಯ ಚೀಲದಲ್ಲಿ, ಒಂಟಿಯಾಗಿ, ಮಲಗಿಸಿ. ಬೇರೆ ಒಡವೆಗಳ ಡಬ್ಬಿಗೆ ಹಾಕಬೇಡಿ, ವಜ್ರದ ಓಲೆಯಂತೂ ಪಕ್ಕದಲ್ಲೇ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಬೇಡ. ಬೀರುವಿನಲ್ಲಿ ಸೀರೆಗೆ ಹಾಕುವ ನುಸಿಗುಳಿಗೆಯಿಂದ ದೂರ ಇಡಿ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಮುತ್ತಿಗೆ ತೇವ ಸಾಕಷ್ಟಿರುತ್ತದೆ, ಆದರೆ ನೂಲಿಗೆ ಬೂಷ್ಟು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಗಾಳಿಗೆ ಇಡಿ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು. ಒಣ ಸೆಕೆ ಮುತ್ತಿನೊಳಗಿನ ನೀರಿನ ಅಂಶವನ್ನೇ ಎಳೆಯುತ್ತದೆ. ಬಿಸಿಲು ಬೀಳುವ ಗೋಡೆಯ ಬೀರುವಿನಲ್ಲಿ ಇಡಬೇಡಿ. ದುಬೈನಲ್ಲಿ ಇಡೀ ದಿನ ಎಸಿ, ಅಮೆರಿಕದಲ್ಲಿ ಚಳಿಗಾಲವಿಡೀ ಹೀಟರ್ ಹಾಕಿಕೊಂಡಿರುವ ನಮ್ಮವರಿಗೂ ಇದೇ ಮಾತು. ಲಾಕರಿನಲ್ಲಿ ಇಡಲೇಬೇಕಾದರೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ವರ್ಷಕ್ಕೆ ಕೆಲವು ಸಲವಾದರೂ ತಂದು ಹಾಕಿಕೊಳ್ಳಿ.

ಜಾತಕ ನೋಡದೆ ಮುತ್ತು ಹಾಕಬಹುದಾ?

ನವರತ್ನದಲ್ಲಿ ಮುತ್ತು ಚಂದ್ರನದು. ಆ ನಂಬಿಕೆ ನಿಮ್ಮ ಮನೆಯಲ್ಲಿದ್ದರೆ ನಿಮ್ಮ ಜೋಯಿಸರನ್ನು ಕೇಳಿ. ಬರೀ ಚೆಂದಕ್ಕೆ ಹಾಕುವವರೇ ನನ್ನ ಹತ್ತಿರ ಜಾಸ್ತಿ ಬರುವುದು.

ಯಾವಾಗ ಮತ್ತೆ ಪೋಣಿಸಬೇಕು?

ವಾರದಲ್ಲಿ ಮೂರು ನಾಲ್ಕು ದಿನ ಹಾಕುವುದಾದರೆ ವರ್ಷಕ್ಕೊಮ್ಮೆ. ಅಪರೂಪಕ್ಕೆ ಹಾಕುವುದಾದರೆ ಎರಡು ಮೂರು ವರ್ಷಕ್ಕೊಮ್ಮೆ. ಮುತ್ತನ್ನು ಮೆಲ್ಲಗೆ ಜರುಗಿಸಿ ನೋಡಿ. ಗಂಟಿನ ಪಕ್ಕ ನೂಲು ಕಂಡರೆ, ನೂಲು ಕಪ್ಪಾಗಿದ್ದರೆ, ಕೊಂಡಿಯ ಹತ್ತಿರ ಎಳೆ ಎದ್ದಿದ್ದರೆ ಅವತ್ತಿನಿಂದಲೇ ಹಾಕುವುದು ನಿಲ್ಲಿಸಿ.

ಕೊಡುವ ಮುಂಚೆ ಮುತ್ತುಗಳನ್ನು ಎಣಿಸಿ. ಫೋಟೋ ತೆಗೆದಿಟ್ಟುಕೊಳ್ಳಿ. ಎಣಿಕೆಯನ್ನು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಒಳ್ಳೆಯ ಕೆಲಸದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೇ ಮೊದಲು ಎಣಿಸುತ್ತಾರೆ.

ಅಜ್ಜಿಯ ಹಳೇ ಮುತ್ತಿನ ಸರದಿಂದ ಬ್ರೇಸ್‌ಲೆಟ್ ಮಾಡಿಸಬಹುದಾ?

ಧಾರಾಳವಾಗಿ. ನನಗೆ ಬಹಳ ಇಷ್ಟದ ಕೆಲಸ ಇದು. ಹಳೆಯ ಸರಗಳಲ್ಲಿ ನಡುವೆ ದೊಡ್ಡ ಮುತ್ತು, ಎರಡೂ ತುದಿಗೆ ಸಣ್ಣವು ಇರುವುದು ಜಾಸ್ತಿ. ಕೈಗೆ ಒಂದೇ ಗಾತ್ರದವು ಬೇಕು ಅಂದರೆ ನಡುವಿನ ಹದಿನೆಂಟೋ ಇಪ್ಪತ್ತೋ ಆರಿಸಿಕೊಳ್ಳಬೇಕು. ಸಣ್ಣವು ಮೊಮ್ಮಗಳ ಓಲೆಗೆ, ಜುಮುಕಿಯ ತುದಿಗೆ ಆಗುತ್ತವೆ. ಹಳೆಯ ತೂತು ಕಿರಿದಾಗಿರುತ್ತದೆ, ನೂಲು ಎರಡು ಸಲ ಹೋಗುವುದಿಲ್ಲ. ಅದನ್ನು ದೊಡ್ಡದು ಮಾಡಲು ಹೋಗಬೇಡಿ, ಮುತ್ತು ಸೀಳಬಹುದು. ತೆಳು ರೇಷ್ಮೆ ತಗೊಂಡರೆ ಆಯಿತು. ತೂತಿನ ಅಂಚು ಚಕ್ಕೆ ಎದ್ದ ಮುತ್ತನ್ನು ಎಸೆಯದೆ ಬೇರೆ ಪೊಟ್ಟಣ ಕಟ್ಟಿ ಕೊಡಲು ಹೇಳಿ. ಹಳೆಯ ಕೊಂಡಿ ಗಟ್ಟಿಯಾಗಿದ್ದರೆ ಅದನ್ನೇ ಹಾಕಿಸಿ. ಹೋದ ತಿಂಗಳು ಒಬ್ಬರು ತಂದ ಸರದ ಕೊಂಡಿಯ ಹಿಂದೆ ಅವರ ಅಜ್ಜಿಯ ಹೆಸರಿನ ಮೊದಲ ಅಕ್ಷರ ಕೊರೆದಿತ್ತು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.